ನೆಗಡಿಗೆ ಮೂಗು ಕೊಯ್ಯುವ ಮುನ್ನ

ಕಡೂರು, ತರೀಕೆರೆ ಮತ್ತು ಅಜ್ಜಂಪುರ ತಾಲ್ಲೂಕುಗಳ ಕಾರು ಮಾಲೀಕರಿಂದ ಕೆಲವು ವರ್ಷಗಳಿಂದೀಚೆಗೆ ಹೊಸ ಬಗೆಯ ದೂರೊಂದು ಕೇಳಿಬರುತ್ತಿದೆ. ಗಾಡಿ ಓಡುತ್ತದೆ, ಸದ್ದಿನಲ್ಲಿ ವ್ಯತ್ಯಾಸವಿಲ್ಲ, ಹೊಗೆಯೂ ಕಣ್ಣಿಗೆ ಕಾಣುವುದಿಲ್ಲ. ಆದರೆ ಸ್ಟೇರಿಂಗಿನ ಮುಂದೆ ಇಂಜಿನ್ನಿನ ಚಿತ್ರವಿರುವ ಹಳದಿ ದೀಪ ಹತ್ತಿಕೊಂಡದ್ದು ಆರುವುದೇ ಇಲ್ಲ. ಊರಿನ ಮೆಕ್ಯಾನಿಕ್ 'ಸೆನ್ಸರ್ ಹೋಗಿದೆ' ಎನ್ನುತ್ತಾನೆ. ಅದನ್ನು ಖಚಿತಪಡಿಸಿಕೊಳ್ಳಲು ಶಿವಮೊಗ್ಗಕ್ಕೋ ಚಿಕ್ಕಮಗಳೂರಿಗೋ ಹೋಗಬೇಕು. ಅಲ್ಲಿ ಸಾವಿರಗಟ್ಟಲೆ ತೆತ್ತು ಹೊಸ ಸೆನ್ಸರ್ ಹಾಕಿಸಿಕೊಂಡು ಬಂದರೆ ಒಂದೆರಡು ತಿಂಗಳಲ್ಲಿ ಅದೇ ದೀಪ ಮತ್ತೆ ಹತ್ತುತ್ತದೆ. ಇಷ್ಟಾದ ಮೇಲೆ ಯಾರೋ ಒಬ್ಬರು ಸುಲಭದ ದಾರಿ ತೋರಿಸುತ್ತಾರೆ: 'ಆ ವೈರು ಕಿತ್ತುಬಿಡಿ. ಕನ್ವರ್ಟರ್ ತೆಗೆಸಿ ಬರೀ ಪೈಪು ಹಾಕಿಸಿ. ಪಿಕಪ್ಪೂ ಚೆನ್ನಾಗಿರುತ್ತದೆ.'

ಈ ದೂರನ್ನು ಎರಡು ರೀತಿಯಲ್ಲಿ ತಳ್ಳಿಹಾಕುವುದು ಸುಲಭ. ಕಾರು ಇಟ್ಟುಕೊಂಡವರಿಗೆ ಪರಿಸರದ ಕಾಳಜಿಯಿಲ್ಲ ಎಂದು ಮೂಗು ಮುರಿಯುವುದು ಒಂದು. ಹೊಗೆ ನಿಯಂತ್ರಣವೆಲ್ಲ ದೆಹಲಿ, ಬೆಂಗಳೂರಿನ ಸಮಸ್ಯೆ, ಗಿರಿಯ ತಪ್ಪಲಿನ ಗಾಳಿಗೆ ಇವೆಲ್ಲ ಏಕೆ ಎಂದು ಕೇಳುವುದು ಇನ್ನೊಂದು. ಎರಡೂ ತಪ್ಪು. ಮಾಲೀಕರ ದೂರಿನಲ್ಲಿ ಸತ್ಯವಿದೆ. ಅದಕ್ಕೆ ಅವರು ಕಂಡುಕೊಳ್ಳುತ್ತಿರುವ ಪರಿಹಾರದಲ್ಲಿ ಮಾತ್ರ ಸತ್ಯವಿಲ್ಲ. ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡವನ ಕತೆ ಕನ್ನಡಿಗರಿಗೆ ಹೊಸದಲ್ಲ. ಇಲ್ಲಿ ಆ ಗಾದೆ ಅಕ್ಷರಶಃ ನಡೆಯುತ್ತಿದೆ, ಏಕೆಂದರೆ ಆಕ್ಸಿಜನ್ ಸೆನ್ಸರ್ ಎಂಬುದು ಕಾರಿನ ಮೂಗೇ ಆಗಿದೆ.

ಈ ಮೂಗು ಮಾಡುವ ಕೆಲಸ ಸರಳವಾದದ್ದು. ಒಂದು ಪಾಲು ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು. ಗಾಳಿ ಕಡಿಮೆಯಾದರೆ ಇಂಗಾಲದ ಮಾನಾಕ್ಸೈಡ್ ಮತ್ತು ಅರೆ ಉರಿದ ಇಂಧನ ಹೊರಬೀಳುತ್ತವೆ. ಗಾಳಿ ಹೆಚ್ಚಾದರೆ ಸಾರಜನಕದ ಆಕ್ಸೈಡುಗಳು ಹೆಚ್ಚುತ್ತವೆ. ಹೊಗೆ ಕೊಳವೆಯಲ್ಲಿ ಕೂರಿಸಿರುವ ಸೆನ್ಸರಿನ ತುದಿಯಲ್ಲಿ ಜಿರ್ಕೋನಿಯಾ ಎಂಬ ಪಿಂಗಾಣಿಯಂಥ ವಸ್ತುವಿದೆ. ಸುಮಾರು 300 ಡಿಗ್ರಿಗಿಂತ ಹೆಚ್ಚು ಕಾದಾಗ ಅದು ಹೊಗೆಯೊಳಗಿನ ಆಮ್ಲಜನಕವನ್ನು ಹೊರಗಿನ ಗಾಳಿಯ ಆಮ್ಲಜನಕದೊಂದಿಗೆ ಹೋಲಿಸಿ ಸಣ್ಣ ವಿದ್ಯುತ್ ಸಂಕೇತ ಕೊಡುತ್ತದೆ. ಇಂಧನ ಹೆಚ್ಚಿದ್ದರೆ 0.9 ವೋಲ್ಟಿನ ಆಸುಪಾಸು, ಗಾಳಿ ಹೆಚ್ಚಿದ್ದರೆ 0.1 ವೋಲ್ಟಿನ ಆಸುಪಾಸು. ಇಂಜಿನ್ನಿನ ಗಣಕ ಇದನ್ನು ನೋಡಿ ಕ್ಷಣಕ್ಷಣವೂ ಪೆಟ್ರೋಲನ್ನು ಏರಿಸಿ ಇಳಿಸುತ್ತದೆ. ಈ ಹದ ತಪ್ಪಿದರೆ ಹೊಗೆಯ ವಿಷವನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ತನ್ನ ಕೆಲಸ ಮಾಡಲಾರದು. ಕನ್ವರ್ಟರಿನ ಆಚೆ ಬದಿಯಲ್ಲಿರುವ ಎರಡನೆಯ ಸೆನ್ಸರ್, ಅದು ಕೆಲಸ ಮಾಡುತ್ತಿದೆಯೇ ಎಂದು ಕಾಯುವ ಕಾವಲುಗಾರ.

1976ರಲ್ಲಿ ವೋಲ್ವೊ ಕಾರುಗಳಲ್ಲಿ ಮೊದಲು ಕಾಣಿಸಿಕೊಂಡ ಈ ಉಪಕರಣ ಭಾರತದ ಸಣ್ಣ ಪೇಟೆಗಳಿಗೆ ಬಂದದ್ದು ನಿಧಾನವಾಗಿ. 1995ರ ಏಪ್ರಿಲ್‌ನಿಂದ ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಕನ್ವರ್ಟರ್ ಕಡ್ಡಾಯವಾಯಿತು. ಕನ್ವರ್ಟರನ್ನೂ ಸೆನ್ಸರನ್ನೂ ಕೆಡಿಸುವ ಸೀಸ ಬೆರೆತ ಪೆಟ್ರೋಲ್ 2000ದ ಫೆಬ್ರುವರಿಯಲ್ಲಿ ದೇಶದಿಂದಲೇ ಮರೆಯಾಯಿತು. ಭಾರತ್ ಸ್ಟೇಜ್ 4ರ ನಿಯಮ 2010ರಲ್ಲಿ ಆಯ್ದ ನಗರಗಳಿಗೆ, 2017ರ ಏಪ್ರಿಲ್ 1ರಿಂದ ಇಡೀ ದೇಶಕ್ಕೆ ಅನ್ವಯಿಸಿತು. ಐದನೆಯ ಹಂತವನ್ನು ಹಾರಿ 2020ರ ಏಪ್ರಿಲ್ 1ರಂದು ಆರನೆಯ ಹಂತ ಬಂದಿತು. ಆಗ ಇಂಧನದ ಗಂಧಕ ಹತ್ತು ಲಕ್ಷಕ್ಕೆ 50 ಭಾಗದಿಂದ 10 ಭಾಗಕ್ಕೆ ಇಳಿಯಿತು. ಡೀಸೆಲ್ ಕಾರು ಕಿಲೋಮೀಟರಿಗೆ ಉಗುಳಬಹುದಾದ ಸಾರಜನಕ ಆಕ್ಸೈಡಿನ ಮಿತಿ 0.25 ಗ್ರಾಂನಿಂದ 0.08 ಗ್ರಾಂಗೆ ಇಳಿಯಿತು. ಹೀಗೆ ಮಹಾನಗರಕ್ಕೆಂದು ಬಂದ ತಂತ್ರಜ್ಞಾನ ಕೆಲವೇ ವರ್ಷಗಳಲ್ಲಿ ಯಗಟಿಯ ತೆಂಗಿನ ತೋಟದ ಮುಂದೆ ನಿಂತ ಕಾರಿಗೂ ಲಕ್ಕವಳ್ಳಿಯ ಬಾಡಿಗೆ ಗಾಡಿಗೂ ಬಂದು ಕೂತಿತು. ಅದನ್ನು ರಿಪೇರಿ ಮಾಡುವ ವಿದ್ಯೆ ಮಾತ್ರ ಅದರ ಜೊತೆ ಬರಲಿಲ್ಲ.

ಗುಡ್ಡಗಾಡಿನವರಿಗೆ ಈ ಸೆನ್ಸರ್ ಅನಗತ್ಯ ಎಂಬ ಮಾತು ವಾಸ್ತವಕ್ಕೆ ವಿರುದ್ಧವಾದದ್ದು. ತರೀಕೆರೆಯಿಂದ ಲಿಂಗದಹಳ್ಳಿ, ಕಲ್ಲತ್ತಿಗಿರಿಯ ಮೂಲಕ ಕೆಮ್ಮಣ್ಣುಗುಂಡಿ ಹತ್ತುವ ಗಾಡಿ 1,434 ಮೀಟರ್ ಎತ್ತರಕ್ಕೆ ಏರುತ್ತದೆ. ಅಲ್ಲಿ ಗಾಳಿ ಕೆಳಗಿನದಕ್ಕಿಂತ ನೂರಕ್ಕೆ ಏಳೆಂಟರಷ್ಟು ವಿರಳ. ಹಿಂದಿನ ಕಾರ್ಬುರೇಟರ್ ಗಾಡಿಗಳು ಘಟ್ಟ ಏರುವಾಗ ಪೆಟ್ರೋಲ್ ಹೆಚ್ಚಾಗಿ ಏದುಸಿರು ಬಿಡುತ್ತಿದ್ದುದನ್ನು ಹಳಬರು ಬಲ್ಲರು. ಇಂದಿನ ಕಾರು ಆ ಕಷ್ಟವಿಲ್ಲದೆ ಏರುವುದಕ್ಕೆ ಕಾರಣ, ಏರಿನುದ್ದಕ್ಕೂ ಗಾಳಿ ಮತ್ತು ಇಂಧನದ ಹದವನ್ನು ಸರಿಪಡಿಸುತ್ತ ಹೋಗುವ ಸೆನ್ಸರುಗಳು. ಇವುಗಳ ಪೈಕಿ ಹೊಗೆಯ ಮೂಗನ್ನು ಕಿತ್ತರೆ ಗಣಕ ಕಣ್ಣು ಕಟ್ಟಿದಂತಾಗಿ, ಮೊದಲೇ ಬರೆದಿಟ್ಟ ಅಂದಾಜಿನ ಮೇಲೆ ಪೆಟ್ರೋಲ್ ಸುರಿಯುತ್ತದೆ. ಸಾಮಾನ್ಯವಾಗಿ ಅದು ಬೇಕಾದದ್ದಕ್ಕಿಂತ ಹೆಚ್ಚೇ ಸುರಿಯುತ್ತದೆ. ಆ ಹೆಚ್ಚುವರಿ ಇಂಧನ ಕನ್ವರ್ಟರಿನೊಳಗೆ ಉರಿದು ಅದನ್ನೇ ಕರಗಿಸುತ್ತದೆ. ಸೆನ್ಸರಿನ ಖರ್ಚು ಉಳಿಸಲು ಹೋದವರು ಅದರ ಹತ್ತು ಪಟ್ಟಿನ ಖರ್ಚಿಗೆ ಸಿಕ್ಕಿಬೀಳುವುದು ಹೀಗೆ.

ಹಾಗಾದರೆ ಹೊಸ ಸೆನ್ಸರ್ ಹಾಕಿದ ಮೇಲೂ ದೀಪ ಮತ್ತೆ ಹತ್ತುವುದೇಕೆ? ಅಡಿಕೆ ತೋಟ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸೋಗೆ ಹಳದಿಯಾದರೆ ಬುಡದಲ್ಲಿ ನೀರು ನಿಂತಿರಬಹುದು, ಪೋಷಕಾಂಶ ಕಡಿಮೆಯಾಗಿರಬಹುದು, ಬೇರುಹುಳು ಇರಬಹುದು, ಹಳದಿ ಎಲೆ ರೋಗವೇ ಇರಬಹುದು. ಲಕ್ಷಣ ಒಂದು, ಕಾರಣ ಹಲವು. ಹಳದಿ ದೀಪವೂ ಹಾಗೆಯೇ. ಹೊಗೆ ಕೊಳವೆಯ ಸಣ್ಣ ಬಿರುಕಿನಿಂದ ಹೊರಗಿನ ಗಾಳಿ ಒಳಸೇರಿದರೂ ಸೆನ್ಸರ್ 'ಗಾಳಿ ಹೆಚ್ಚಿದೆ' ಎಂದು ವರದಿ ಮಾಡುತ್ತದೆ. ಸ್ಪಾರ್ಕ್ ಪ್ಲಗ್ ಸವೆದು ಇಂಧನ ಉರಿಯದೆ ಹೋದರೂ ಅದೇ ವರದಿ. ಕೊಟ್ಟಿಗೆಯಲ್ಲಿ ನಿಂತ ಕಾರಿನ ವೈರನ್ನು ಇಲಿ ಕಡಿದಿರಬಹುದು, ಮಳೆಗಾಲದಲ್ಲಿ ಕನೆಕ್ಟರಿನೊಳಗೆ ನೀರು ಸೇರಿರಬಹುದು. ಇಂಜಿನ್ ಬಿಚ್ಚಿ ಜೋಡಿಸುವಾಗ ಧಾರಾಳವಾಗಿ ಬಳಿದ ಸಿಲಿಕೋನ್ ಅಂಟಿನ ಆವಿಯೂ, ಉರಿಯುವ ಇಂಜಿನ್ ಆಯಿಲಿನ ಬೂದಿಯೂ ಸೆನ್ಸರಿನ ತುದಿಯನ್ನು ಮುಚ್ಚಿಬಿಡುತ್ತವೆ. ಸ್ಕ್ಯಾನರ್ ತೋರಿಸುವ ಸಂಖ್ಯೆ ಹುಡುಕಾಟ ಎಲ್ಲಿಂದ ಆರಂಭವಾಗಬೇಕು ಎಂಬುದರ ಸೂಚನೆಯೇ ಹೊರತು ತೀರ್ಪಲ್ಲ. ಅದನ್ನೇ ತೀರ್ಪೆಂದು ಭಾವಿಸಿ ಸೆನ್ಸರ್ ಬದಲಿಸುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ.

ಈ ಭಾಗದ ಬಳಕೆಯ ರೀತಿಯೂ ಒಂದು ಕಾರಣ. ತೋಟದಿಂದ ಪೇಟೆಗೆ ನಾಲ್ಕು ಕಿಲೋಮೀಟರ್, ಪೇಟೆಯಿಂದ ಮರಳಿ ತೋಟಕ್ಕೆ ನಾಲ್ಕು ಕಿಲೋಮೀಟರ್ ಓಡುವ ಕಾರಿನ ಹೊಗೆ ಕೊಳವೆ ಸರಿಯಾಗಿ ಕಾಯುವುದೇ ಇಲ್ಲ. ಆರನೆಯ ಹಂತದ ಡೀಸೆಲ್ ಕಾರುಗಳಲ್ಲಿ ಮಸಿಯನ್ನು ಹಿಡಿದಿಡುವ ಫಿಲ್ಟರ್ ಇದೆ. ಹಿಡಿದ ಮಸಿಯನ್ನು 600 ಡಿಗ್ರಿಯ ಆಸುಪಾಸಿನ ಶಾಖದಲ್ಲಿ ಅದು ತಾನೇ ಸುಟ್ಟುಕೊಳ್ಳಬೇಕು. ಅದಕ್ಕೆ ಬಿಡುವಿಲ್ಲದೆ ಒಂದಷ್ಟು ಹೊತ್ತು ಹೆದ್ದಾರಿಯ ವೇಗದ ಓಟ ಬೇಕು. ಕೆರೆ ಏರಿಯ ಮೇಲೂ ತೋಟದ ದಾರಿಯಲ್ಲೂ ಎರಡನೇ ಗೇರಿನಲ್ಲಿ ತೆವಳುವ ಗಾಡಿಗೆ ಆ ಅವಕಾಶ ಸಿಗದು. ಮಾರಾಟದ ಹೊತ್ತಿನಲ್ಲಿ 'ನಿಮ್ಮ ಓಡಾಟ ದಿನಕ್ಕೆಷ್ಟು' ಎಂದು ಕೇಳಿ, 'ಹಾಗಾದರೆ ಈ ಡೀಸೆಲ್ ಗಾಡಿ ನಿಮಗೆ ಹೊಂದದು' ಎಂದು ಹೇಳಬೇಕಾದದ್ದು ಮಾರುವವರ ಹೊಣೆ. ಆ ಮಾತು ಬಾರದಿದ್ದರೆ ದೂರು ಹುಟ್ಟುವುದು ಷೋರೂಮಿನಲ್ಲೇ.

ಇಂಧನದ ವಿಷಯ ಬೇರೆಯದೇ. ಕಲಬೆರಕೆ ಪೆಟ್ರೋಲ್ ಸೆನ್ಸರಿನ ಹಳೆಯ ಶತ್ರು. ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಬೆಳೆದು ಮೈಸೂರಿನಲ್ಲಿ ಇಂಜಿನಿಯರಿಂಗ್ ಓದಿದ ಎಸ್. ಮಂಜುನಾಥ್, ಇಂಡಿಯನ್ ಆಯಿಲ್ ಅಧಿಕಾರಿಯಾಗಿ ಉತ್ತರ ಪ್ರದೇಶದಲ್ಲಿ ಕಲಬೆರಕೆ ಬಂಕಿನ ವಿರುದ್ಧ ಕ್ರಮ ಕೈಗೊಂಡದ್ದಕ್ಕಾಗಿ 2005ರ ನವೆಂಬರ್ 19ರಂದು ಕೊಲೆಯಾದರು. ಶುದ್ಧ ಇಂಧನ ಕೇಳುವುದು ಎಷ್ಟು ಗಂಭೀರ ಹಕ್ಕೊತ್ತಾಯ ಎಂಬುದಕ್ಕೆ ಅವರ ಬಲಿದಾನವೇ ಸಾಕ್ಷಿ.

ಇತ್ತೀಚಿನ ಪ್ರಶ್ನೆ ಎಥೆನಾಲಿನದು. ಶೇಕಡಾ 20 ಎಥೆನಾಲ್ ಬೆರೆತ ಪೆಟ್ರೋಲ್ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆಗೊಂಡಿತು. 2030ಕ್ಕೆಂದು ಇಟ್ಟಿದ್ದ ಗುರಿಯನ್ನು 2025ರಲ್ಲೇ ಮುಟ್ಟಲಾಯಿತು. ಎಥೆನಾಲಿನ ತೂಕದಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಆಮ್ಲಜನಕವೇ ಇರುವುದರಿಂದ ಸೆನ್ಸರಿಗೆ ಗಾಳಿ ಹೆಚ್ಚಾದಂತೆ ಕಾಣುತ್ತದೆ. ಗಣಕ ಇನ್ನಷ್ಟು ಇಂಧನ ಹರಿಸಿ ಹದ ತರುತ್ತದೆ. ಸುಸ್ಥಿತಿಯಲ್ಲಿರುವ ಕಾರು ಇದನ್ನು ತಾಳಿಕೊಳ್ಳುತ್ತದೆ. ಇಂಜೆಕ್ಟರಿನಲ್ಲಿ ಕಸ ಕಟ್ಟಿರುವ, ಎಲ್ಲೋ ಗಾಳಿ ಸೋರುವ ಹಳೆಯ ಕಾರಿನಲ್ಲಿ ತಿದ್ದುಪಡಿ ತನ್ನ ಮಿತಿ ಮುಟ್ಟಿ ದೀಪ ಹತ್ತುತ್ತದೆ. ಮೈಲೇಜ್ ಇಳಿದಿದೆ ಎಂಬ ದೂರು ಕೂಡ ಭ್ರಮೆಯಲ್ಲ. ಎಥೆನಾಲ್ ಇಲ್ಲದ ಪೆಟ್ರೋಲಿಗೆ ರೂಪಿಸಿ ಶೇಕಡಾ 10ರ ಮಿಶ್ರಣಕ್ಕೆ ಹದಗೊಳಿಸಿದ ಕಾರುಗಳಲ್ಲಿ ಶೇಕಡಾ 6ರಿಂದ 7ರಷ್ಟು ಮೈಲೇಜ್ ಕುಸಿಯಬಹುದೆಂದು 2021ರಲ್ಲಿ ನೀತಿ ಆಯೋಗದ ವರದಿಯೇ ಅಂದಾಜು ಮಾಡಿತ್ತು. ಹಳೆಯ ವಾಹನಗಳಿಗೆ ಎಥೆನಾಲ್ ಇಲ್ಲದ ಪೆಟ್ರೋಲಿನ ಆಯ್ಕೆ ಬೇಕೆಂದು ಕೋರಿದ್ದ ಅರ್ಜಿಯನ್ನು 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ವಜಾ ಮಾಡಿತು.

ಬಯಲುಸೀಮೆಗೆ ಅಂಟಿಕೊಂಡ ಈ ಮೂರು ತಾಲ್ಲೂಕುಗಳಲ್ಲಿ ಈ ಪ್ರಶ್ನೆಗೆ ಇನ್ನೊಂದು ಮುಖವಿದೆ. ಒಂದು ಟನ್ ಮೆಕ್ಕೆಜೋಳದಿಂದ ಸುಮಾರು 380 ಲೀಟರ್ ಎಥೆನಾಲ್ ಸಿಗುತ್ತದೆ. 2023-24ರ ಸಾಲಿನಲ್ಲಿ ದೇಶದ ಎಥೆನಾಲಿಗೆ ಅತಿ ಹೆಚ್ಚು ಕಚ್ಚಾವಸ್ತು ಒದಗಿಸಿದ್ದು ಮೆಕ್ಕೆಜೋಳವೇ. ಮಳೆಯಾಶ್ರಿತ ಹೊಲದಲ್ಲಿ ಮೆಕ್ಕೆಜೋಳ ಬೆಳೆದು ಮಾರುವವನೂ, ಹಳೆಯ ಕಾರಿಗೆ ಅದೇ ಎಥೆನಾಲ್ ತುಂಬಿಸಿ ಮೈಲೇಜಿಗೆ ಕೊರಗುವವನೂ ಒಬ್ಬನೇ ಆಗಿರಬಹುದು. ಹೀಗಾಗಿ ಎಥೆನಾಲ್ ಬೇಡ ಎನ್ನುವುದು ಇಲ್ಲಿ ಸುಲಭದ ಘೋಷಣೆಯಲ್ಲ. ಹಳೆಯ ವಾಹನಗಳ ನಷ್ಟವನ್ನು ಯಾರು ತುಂಬಬೇಕು ಎಂದು ಕೇಳುವುದು ನ್ಯಾಯವಾದ ಪ್ರಶ್ನೆ.

ಆದರೆ ಈ ಯಾವ ನ್ಯಾಯವಾದ ದೂರೂ ಕನ್ವರ್ಟರ್ ಕೀಳುವುದಕ್ಕೆ ಸಮರ್ಥನೆಯಾಗದು. ಸರಿಯಾಗಿ ಕೆಲಸ ಮಾಡುವ ಕನ್ವರ್ಟರ್, ಬಿಸಿಯಾದ ಮೇಲೆ, ತನ್ನೊಳಗೆ ಹಾಯುವ ವಿಷದ ಹತ್ತರಲ್ಲಿ ಒಂಬತ್ತು ಪಾಲನ್ನು ಇಲ್ಲವಾಗಿಸುತ್ತದೆ. ಅದನ್ನು ಕಿತ್ತ ಒಂದು ಕಾರು ಸುಸ್ಥಿತಿಯ ಹತ್ತು ಕಾರುಗಳಷ್ಟು ವಿಷ ಕಾರುತ್ತದೆ ಎಂಬುದು ಬರಿಯ ಲೆಕ್ಕ. ಆ ವಿಷವನ್ನು ಉಸಿರಾಡುವವರು ಗಾಜು ಏರಿಸಿಕೊಂಡು ಕುಳಿತ ಮಾಲೀಕರಲ್ಲ. ಕಡೂರು, ಬೀರೂರು, ತರೀಕೆರೆಗಳನ್ನು ಪೋಣಿಸುವ ಹೆದ್ದಾರಿಯ ಬದಿಯಲ್ಲಿ ಎಳನೀರು ಮಾರುವವರು, ಬಸ್ಸಿಗೆ ಕಾಯುವ ಶಾಲಾ ಮಕ್ಕಳು, ಸಂತೆಯ ದಿನ ರಸ್ತೆಯ ಅಂಚಿನಲ್ಲಿ ಸೊಪ್ಪು ಹರವಿ ಕೂರುವ ಹೆಂಗಸರು. ಬೆಳೆಗೂ ಇದರಿಂದ ಬಿಡುಗಡೆಯಿಲ್ಲ. ಸಾರಜನಕದ ಆಕ್ಸೈಡು ಮತ್ತು ಅರೆ ಉರಿದ ಇಂಧನದ ಆವಿ ಬಿಸಿಲಿನಲ್ಲಿ ಸೇರಿ ನೆಲಮಟ್ಟದ ಓಜೋನ್ ಆಗುತ್ತದೆ. ಅದು ಎಲೆಯ ಸೂಕ್ಷ್ಮರಂಧ್ರಗಳಿಂದ ಒಳಹೊಕ್ಕು ಇಳುವರಿಯನ್ನು ಕುಗ್ಗಿಸುತ್ತದೆ. ಆಲೂಗಡ್ಡೆ, ಹುರುಳಿಕಾಯಿ, ಈರುಳ್ಳಿಗಳು ಅದಕ್ಕೆ ಬೇಗ ಸೋಲುವ ಬೆಳೆಗಳು. ಈ ಹಾನಿಯ ಮುಂದೆ ಯಾವ ಹಳದಿ ದೀಪವೂ ಹತ್ತುವುದಿಲ್ಲ.

ಕಾನೂನು ಇದನ್ನು ತಡೆಯುತ್ತಿಲ್ಲವೇ? ಕಾಗದದ ಮೇಲೆ ತಡೆಯುತ್ತದೆ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯಿದೆಯ ಪ್ರಕಾರ ಹೊಗೆಯ ಮಿತಿ ಮೀರಿದರೆ 10,000 ರೂಪಾಯಿವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಸೆರೆವಾಸ ವಿಧಿಸಬಹುದು. ವಾಹನದ ಮೂಲ ರಚನೆಯನ್ನು ಅನಧಿಕೃತವಾಗಿ ಬದಲಿಸುವುದೂ ಅಪರಾಧ. ಆದರೆ ಜನ 'ಎಮಿಷನ್ ಟೆಸ್ಟ್' ಎಂದು ಕರೆಯುವ ತಪಾಸಣೆ, ನಿಂತ ಪೆಟ್ರೋಲ್ ಗಾಡಿಯ ಇಂಗಾಲದ ಮಾನಾಕ್ಸೈಡನ್ನೂ ಹೈಡ್ರೋಕಾರ್ಬನ್ನನ್ನೂ, ಡೀಸೆಲ್ ಗಾಡಿಯ ಹೊಗೆಯ ದಟ್ಟಣೆಯನ್ನೂ ಅಳೆಯುತ್ತದೆ. ಸಾರಜನಕದ ಆಕ್ಸೈಡನ್ನು ಅದು ಅಳೆಯುವುದಿಲ್ಲ. ಹಳದಿ ದೀಪ ಹತ್ತಿದೆಯೇ ಎಂದು ನೋಡುವುದಿಲ್ಲ. ಗಾಡಿಯ ಗಣಕದೊಳಗೆ ಬರೆದಿರುವ ದೋಷವನ್ನು ಓದುವುದಿಲ್ಲ. ಕಣ್ಣಿದ್ದೂ ನೋಡದ ತಪಾಸಣೆಯಿಂದ ಪ್ರಾಮಾಣಿಕನಿಗೆ ಕಿರಿಕಿರಿ, ಅಡ್ಡದಾರಿಯವನಿಗೆ ಆರಾಮ.

ಮಾಲೀಕರು ವ್ಯವಸ್ಥೆಯನ್ನು ನಂಬದಿರುವುದಕ್ಕೆ ಇನ್ನೂ ದೊಡ್ಡ ಕಾರಣಗಳಿವೆ. ಮಲೆನಾಡಿನ ಬಾಡಿಗೆ ಗಾಡಿಗಳ ಸಾಲಿನಲ್ಲಿ ಒಂದು ಕಾಲಕ್ಕೆ ಎದ್ದು ಕಾಣುತ್ತಿದ್ದ ಟವೇರಾವನ್ನು ನೆನಪಿಸಿಕೊಳ್ಳಬಹುದು. 2005ರಿಂದ 2013ರ ನಡುವೆ ತಯಾರಾದ ಸುಮಾರು 1.14 ಲಕ್ಷ ಟವೇರಾಗಳನ್ನು ಜನರಲ್ ಮೋಟಾರ್ಸ್ 2013ರ ಜುಲೈನಲ್ಲಿ ವಾಪಸು ಕರೆಯಿತು. ಹೊಗೆಯ ಪರೀಕ್ಷೆಯಲ್ಲಿ ತನ್ನ ನೌಕರರೇ ನಿಯಮ ಉಲ್ಲಂಘಿಸಿದ್ದನ್ನು ಕಂಪನಿ ಒಪ್ಪಿಕೊಂಡಿತು. ಎರಡು ವರ್ಷಗಳ ಬಳಿಕ, 2015ರಲ್ಲಿ, ಪರೀಕ್ಷೆಯ ಹೊತ್ತಿನಲ್ಲಿ ಮಾತ್ರ ಶುದ್ಧವಾಗಿ ವರ್ತಿಸುವಂತೆ ಗಣಕವನ್ನು ತಿದ್ದಿದ್ದ ಫೋಕ್ಸ್‌ವ್ಯಾಗನ್ನಿನ ವಂಚನೆ ಬಯಲಾಯಿತು. ಪ್ರಪಂಚದಾದ್ಯಂತ ಸುಮಾರು 1.1 ಕೋಟಿ ಕಾರುಗಳು ಅದರಲ್ಲಿ ಸೇರಿದ್ದವು. ಭಾರತದಲ್ಲಿ 3,23,700 ವಾಹನಗಳನ್ನು ವಾಪಸು ಕರೆಯಬೇಕಾಯಿತು. ರಾಷ್ಟ್ರೀಯ ಹಸಿರು ನ್ಯಾಯಾಧಿಕರಣ 2019ರ ಮಾರ್ಚ್‌ನಲ್ಲಿ 500 ಕೋಟಿ ರೂಪಾಯಿ ದಂಡ ವಿಧಿಸಿತು. ಕಂಪನಿಯ ವಿರುದ್ಧ ಬಲವಂತದ ಕ್ರಮ ಬೇಡವೆಂದು ಅದೇ ವರ್ಷ ಸುಪ್ರೀಂ ಕೋರ್ಟ್ ಸೂಚಿಸಿತು. ದೊಡ್ಡವರೇ ಹೀಗೆ ಮಾಡಿರುವಾಗ ಊರಿನ ಮೆಕ್ಯಾನಿಕ್ ಒಂದು ಪೈಪು ಬದಲಿಸಿದ್ದೇ ಮಹಾಪರಾಧವೇ ಎಂದು ಯಾರಾದರೂ ಕೇಳಬಹುದು. ಅದಕ್ಕೆ ಉತ್ತರ ಇದೇ ಪ್ರಕರಣಗಳಲ್ಲಿದೆ. ಈ ವಂಚನೆಗಳು ಬಯಲಾದದ್ದು ಯಾರೋ ಹೊಗೆಯನ್ನು ಅಳೆದು, ದಾಖಲಿಸಿ, ಲೆಕ್ಕ ಕೇಳಿದ್ದರಿಂದ. ಸೆನ್ಸರ್ ಕಿತ್ತು ಸುಮ್ಮನಾದವರಿಂದ ಯಾವ ಕಂಪನಿಯ ತಪ್ಪೂ ಹೊರಬರಲಾರದು. ದೀಪವೇ ಸಾಕ್ಷಿ. ಅದನ್ನು ಆರಿಸಿದರೆ ದೂರೂ ಆರಿಹೋಗುತ್ತದೆ.

ದೂರನ್ನು ಮೇಲಕ್ಕೆ ಒಯ್ಯುವ ದಾರಿಗಳು ಇಲ್ಲದಿಲ್ಲ. ಹಲವು ಕಾರುಗಳ ಖಾತರಿ ಪುಸ್ತಕದಲ್ಲಿ ಹೊಗೆ ನಿಯಂತ್ರಣಕ್ಕೆಂದೇ ಪ್ರತ್ಯೇಕ ಪುಟವಿರುತ್ತದೆ. ಹಣ ತೆರುವ ಮೊದಲು ಅದನ್ನು ಓದಬೇಕು. ದೋಷಪೂರಿತ ವಾಹನಗಳನ್ನು ವಾಪಸು ಕರೆಸಲು ಸರ್ಕಾರಕ್ಕೆ ಅಧಿಕಾರ ನೀಡುವ ಕಾನೂನಿನ ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಪರಿಸರಕ್ಕೆ ಹಾನಿ ಮಾಡುವ ದೋಷವೂ ಅದರ ವ್ಯಾಪ್ತಿಗೆ ಬರುತ್ತದೆ. ಏಳು ವರ್ಷದೊಳಗಿನ ವಾಹನಗಳಲ್ಲಿ, ಮಾರಾಟಕ್ಕೆ ಹೋಲಿಸಿ ನಿಗದಿಪಡಿಸಿದ ಪ್ರಮಾಣದಷ್ಟು ದೂರುಗಳು ಸರ್ಕಾರದ ಪೋರ್ಟಲಿನಲ್ಲಿ ದಾಖಲಾದರೆ ತಯಾರಕರು ಉತ್ತರಿಸಲೇಬೇಕು. ಅಂದರೆ ಗ್ಯಾರೇಜಿನಲ್ಲಿ ಹೇಳಿಕೊಂಡ ನೂರು ದೂರುಗಳಿಗೆ ಇಲ್ಲದ ತೂಕ ದಾಖಲಾದ ದೂರಿಗಿದೆ. ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ಮಾಲೀಕರು ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದಾದ್ದರಿಂದ ಬೆಂಗಳೂರಿಗೆ ಅಲೆಯಬೇಕಿಲ್ಲ, ಚಿಕ್ಕಮಗಳೂರು ಸಾಕು.

ಊರಿನ ಮೆಕ್ಯಾನಿಕ್‌ನ ಹಕ್ಕೂ ಇಷ್ಟೇ ಮುಖ್ಯ. ಬಿಡಿಭಾಗ ಮತ್ತು ದೋಷ ಪತ್ತೆಯ ಉಪಕರಣಗಳನ್ನು ಸ್ವತಂತ್ರ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕಾಗಿ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು 2,544.65 ಕೋಟಿ ರೂಪಾಯಿ ದಂಡ ಹಾಕಿತ್ತು. ಕಂಪನಿಗಳು ಮೇಲ್ಮನವಿಯ ದಾರಿ ಹಿಡಿದವು. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 'ರಿಪೇರಿಯ ಹಕ್ಕಿ'ಗಾಗಿ ಸಮಿತಿ ರಚಿಸಿ ಪೋರ್ಟಲ್ ಆರಂಭಿಸಿತು. ಅದರ ವ್ಯಾಪ್ತಿಯಲ್ಲಿ ವಾಹನಗಳೂ ಇವೆ. ಈ ಹಕ್ಕು ಪೋರ್ಟಲಿನಿಂದ ಇಳಿದು ಬೀರೂರಿನ ಗ್ಯಾರೇಜಿಗೆ ತಲುಪದೆ ಹೊಗೆ ನಿಯಂತ್ರಣದ ಯಾವ ಕಾನೂನೂ ಗ್ರಾಮೀಣ ರಸ್ತೆಗಳಲ್ಲಿ ಬಾಳಲಾರದು. ದೋಷ ಹುಡುಕುವ ವಿದ್ಯೆಯನ್ನು ಬಚ್ಚಿಟ್ಟು, ದೋಷ ಉಳಿಸಿಕೊಂಡವನಿಗೆ ದಂಡ ಹಾಕುವುದು ಯಾವ ನ್ಯಾಯ?

ಆಗಬೇಕಾದ ಕೆಲಸಗಳು ಸ್ಪಷ್ಟವಾಗಿವೆ. ಹೊಗೆ ತಪಾಸಣೆಯಲ್ಲಿ ವಾಹನದ ಗಣಕವನ್ನು ಓದುವುದು ಕಡ್ಡಾಯವಾಗಬೇಕು. ಈ ಭಾಗದ ಕೈಗಾರಿಕಾ ತರಬೇತಿ ಸಂಸ್ಥೆಗಳಲ್ಲಿ ದುಡಿಯುವ ಮೆಕ್ಯಾನಿಕ್‌ಗಳಿಗಾಗಿ ಸೆನ್ಸರ್ ಮತ್ತು ಸ್ಕ್ಯಾನರಿನ ಅಲ್ಪಾವಧಿ ತರಬೇತಿ ನಡೆಯಬೇಕು. ಸಾವಿರಾರು ರೈತ ಸದಸ್ಯರಿರುವ ಸಹಕಾರ ಸಂಘಗಳು ಒಳ್ಳೆಯ ಸ್ಕ್ಯಾನರೊಂದನ್ನು ಕೊಂಡು ಗ್ಯಾರೇಜುಗಳಿಗೆ ಬಾಡಿಗೆಗೆ ಕೊಡಬಹುದು. ಟಿಲ್ಲರನ್ನು ಬಾಡಿಗೆಗೆ ಕೊಟ್ಟು ಪಡೆದು ಅಭ್ಯಾಸವಿರುವ ರೈತರಿಗೆ ಇದು ಅಪರಿಚಿತ ಯೋಚನೆಯಲ್ಲ. ಹಳೆಯ ವಾಹನಗಳ ಮೇಲೆ ಎಥೆನಾಲಿನ ಪರಿಣಾಮಕ್ಕೆ ತಯಾರಕರೂ ತೈಲ ಕಂಪನಿಗಳೂ ಲಿಖಿತ ಹೊಣೆ ಹೊರಬೇಕು. ಕೆಎ-66ರ ಫಲಕಗಳನ್ನು ಹಂಚುವ ತರೀಕೆರೆಯ ಸಾರಿಗೆ ಕಚೇರಿ, ಕನ್ವರ್ಟರ್ ಕೀಳುವ ದಂಧೆಯ ಮೇಲೆ ಕಣ್ಣಿಡುವುದರ ಜೊತೆಗೆ, ವಾಪಸು ಕರೆಯ ದೂರು ದಾಖಲಿಸುವ ಬಗೆಯನ್ನು ಕನ್ನಡದಲ್ಲಿ ಬರೆದು ತನ್ನ ಗೋಡೆಯ ಮೇಲೆ ಹಾಕಬೇಕು.

ಅಲ್ಲಿಯವರೆಗೆ ಮಾಲೀಕರ ಕೈಯಲ್ಲೇ ಇರುವ ಕೆಲಸವೂ ಒಂದಿದೆ. ಹಳದಿ ದೀಪ ಹತ್ತಿದಾಗ 'ಕಿತ್ತುಬಿಡಿ' ಎನ್ನುವ ಬದಲು 'ಯಾವ ಕೋಡ್ ಬಂದಿದೆ, ಬರೆದು ಕೊಡಿ' ಎಂದು ಕೇಳುವುದು. ದಿನಾಂಕ, ಓಡಿದ ಕಿಲೋಮೀಟರ್, ಪೆಟ್ರೋಲ್ ಹಾಕಿಸಿದ ಬಂಕಿನ ರಸೀದಿ, ಬದಲಿಸಿದ ಭಾಗದ ಬಿಲ್ಲು, ಇಷ್ಟನ್ನು ಒಂದು ಪುಸ್ತಕದಲ್ಲಿ ಇಟ್ಟುಕೊಳ್ಳುವುದು. ಮೂರು ತಾಲ್ಲೂಕುಗಳಲ್ಲಿ ಅಂಥ ನೂರು ಪುಸ್ತಕಗಳು ಸೇರಿದರೆ, ಯಾವ ಕಂಪನಿಯೂ ಯಾವ ಇಲಾಖೆಯೂ ಇದನ್ನು ಒಬ್ಬ ಮಾಲೀಕನ ಗೊಣಗಾಟವೆಂದು ತಳ್ಳಿಹಾಕಲಾಗದು.